ಹಾಕ್ ಮೌಂಟನ್‌ನಲ್ಲಿ ಗಿಡುಗ ಎಣಿಸುವವರಿಗೆ

ನಮಸ್ಕಾರ. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಕಡೆಯ ಕನ್ನಡಿಗರೇ, ಹಾಕ್ ಮೌಂಟನ್ ಪಕ್ಷಿಧಾಮಕ್ಕೆ ಹೋಗಿ ಬರೀ ಫೋಟೋ ತೆಗೆದುಕೊಂಡು ಬಂದದ್ದು ಸಾಕು. ಈ ಸಲ ಎಣಿಕೆ ಕಲಿಯಿರಿ. ಹಕ್ಕಿಗಳ ಹೆಸರೆಲ್ಲ ಬಾಯಿಪಾಠ ಬೇಕಿಲ್ಲ. ಕಂಡಷ್ಟನ್ನೇ ಬರೆಯಬೇಕು, ಅಷ್ಟೇ.

ಅಲ್ಲಿ ಆಗಸ್ಟ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ನಾರ್ತ್ ಲುಕ್‌ಔಟ್ ಬಂಡೆಯ ಮೇಲೆ ವಲಸೆ ಹೋಗುವ ಗಿಡುಗಗಳ ಎಣಿಕೆ ನಡೆಯುತ್ತದೆ. ವಾಯವ್ಯದ ಗಾಳಿ ಬೀಸುವ ದಿನ ರಜೆ ಹಾಕಿ. ಆ ಗಾಳಿ ಬೆಟ್ಟಸಾಲಿಗೆ ಬಡಿದು ಮೇಲೇರುತ್ತದೆ, ಹಕ್ಕಿಗಳು ರೆಕ್ಕೆ ಬಡಿಯದೆ ಅದರ ಮೇಲೆಯೇ ತೇಲಿಬರುತ್ತವೆ. ಸೆಪ್ಟೆಂಬರ್ ಮಧ್ಯದಲ್ಲಿ ಬರುವ ಬ್ರಾಡ್-ವಿಂಗ್ಡ್ ಹಾಕ್ ಎಂಬ ಗಿಡುಗಗಳು ಮೇಲೇಳುವ ಬಿಸಿಗಾಳಿಯಲ್ಲಿ ಗುಂಪಾಗಿ ಸುತ್ತುತ್ತವೆ. ಸುತ್ತುವಾಗ ಎಣಿಸಬೇಡಿ, ದಯವಿಟ್ಟು! ಒಂದೇ ಹಕ್ಕಿ ಮೂರು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ಮೇಲೇರಿದ ಮೇಲೆ ಅವು ಸಾಲುಗಟ್ಟಿ ಜಾರತೊಡಗುತ್ತವೆ. ಆಗ ದುರ್ಬೀನನ್ನು ಒಂದೇ ಕಡೆ ಹಿಡಿದು, ದಾಟಿದ್ದಕ್ಕೊಂದರಂತೆ ಕ್ಲಿಕ್ಕರ್ (ಕೈಯಲ್ಲಿ ಒತ್ತಿ ಎಣಿಸುವ ಯಂತ್ರ) ಒತ್ತಿ.

ಒಂದೇ ತರಹ ಕಾಣುವ ಎರಡು ಗಿಡುಗಗಳಿವೆ. ತಲೆ ರೆಕ್ಕೆಗಳ ಮಣಿಕಟ್ಟಿಗಿಂತ, ಅಂದರೆ ರೆಕ್ಕೆ ಬಾಗುವ ಜಾಗಕ್ಕಿಂತ, ಮುಂದೆ ಚಾಚಿದ್ದರೆ ಕೂಪರ್ಸ್ ಹಾಕ್, ಒಳಗೆ ಹುದುಗಿದಂತಿದ್ದರೆ ಶಾರ್ಪ್-ಶಿನ್ಡ್. ತಲೆಯೇ ಕಾಣಲಿಲ್ಲವೇ? 'ಗುರುತಾಗಲಿಲ್ಲ' ಎಂದು ಬರೆಯಿರಿ. ಪಕ್ಕದವರೆದುರು ಮರ್ಯಾದೆ ಹೋದೀತೆಂದು ಊಹಿಸಿ ಬರೆದರೆ ಲೆಕ್ಕವೇ ಕೆಟ್ಟಿತು.

ಇಷ್ಟು ಹಟ ಯಾಕೆ ಅಂದಿರಾ? ಕೇಳಿ. ಹಿಂದೆ ಅದೇ ಬೆಟ್ಟದಲ್ಲಿ ಬಂದೂಕಿನವರು ಹಾರುವ ಗಿಡುಗಗಳನ್ನು ಹೊಡೆದು ಕೆಡಹುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬಾಕೆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ಅವರನ್ನು ಕಾವಲಿಗಿಟ್ಟರು. ಬ್ರೌನ್ ಕಾವಲಿನ ಜೊತೆಗೆ ಎಣಿಕೆಯನ್ನೂ ಶುರುಮಾಡಿದರು. ಬಾಲ್ಡ್ ಈಗಲ್ (ಬಿಳಿತಲೆಯ ಹದ್ದು) ಕಂಡರೆ 'ಒಂದು' ಎಂದು ಗೀಚಿ ಸುಮ್ಮನಾಗಲಿಲ್ಲ. ತಲೆ ಬಿಳಿಯಿದ್ದರೆ ಬೆಳೆದದ್ದು, ಮೈಯೆಲ್ಲ ಕಂದು ಬಣ್ಣವಿದ್ದರೆ ಎಳೆಯದು ಎಂದು ವಯಸ್ಸನ್ನೂ ವಿಂಗಡಿಸಿದರು. 1935ರಿಂದ 39ರವರೆಗೆ ಕಂಡ ಈಗಲ್‌ಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 59ರವರೆಗೆ ಬರೀ 20. 1957ರಲ್ಲಂತೂ 32 ದೊಡ್ಡವಕ್ಕೆ ಒಂದೇ ಎಳೆಯದು! ದೊಡ್ಡ ಹಕ್ಕಿಗಳು ಹಾರುತ್ತಲೇ ಇದ್ದವು, ಮರಿಗಳು ಮಾತ್ರ ಇಲ್ಲ. ಒಟ್ಟು ಸಂಖ್ಯೆಯೊಂದನ್ನೇ ಬರೆದಿದ್ದರೆ ಇದು ಯಾರ ಕಣ್ಣಿಗೆ ಬೀಳುತ್ತಿತ್ತು? 1962ರಲ್ಲಿ ಲೇಖಕಿ ರೇಚೆಲ್ ಕಾರ್ಸನ್, ಹಕ್ಕಿಗಳ ಮೊಟ್ಟೆ ಮರಿಯಾಗದಂತೆ ಮಾಡುತ್ತಿದ್ದ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಬರೆದಾಗ ಇದೇ ಅಂಕಿಗಳನ್ನು ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು.

ಸಮಯ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. 8 ಅಥವಾ 10 ಪಟ್ಟಿನ ದುರ್ಬೀನು ಸಾಕು. ಬಂಡೆ ತಣ್ಣಗಿರುತ್ತದೆ, ಕೂರಲು ದಿಂಬು ಒಯ್ಯಿರಿ. ಮೋಡವಿಲ್ಲದ ನೀಲಿಯಲ್ಲಿ ಎತ್ತರದ ಹಕ್ಕಿ ಕಣ್ತಪ್ಪುತ್ತದೆ, ಮೋಡವಿದ್ದರೆ ಅದರ ಅಂಚುಗಳನ್ನು ನಿಧಾನವಾಗಿ ಹುಡುಕಿ. ಗಂಟೆಗೊಮ್ಮೆ ಗಾಳಿ, ಮೋಡ, ಹಕ್ಕಿ ಮೂರನ್ನೂ ಬರೆಯಿರಿ. ಒಂದೂ ಬಾರದಿದ್ದರೆ ಸೊನ್ನೆ ಹಾಕಿ. ಖಾಲಿ ಬಿಟ್ಟರೆ ಆ ಗಂಟೆ ಯಾರೂ ನೋಡುತ್ತಿರಲಿಲ್ಲ ಎಂದೇ ಅರ್ಥ. ನಮಸ್ಕಾರ.