ಬೆರಳಲ್ಲಿ ಅವರೆ, ಕಿವಿಯಲ್ಲಿ ಅಜ್ಜಿ

ಕೇಳುಗರಿಗೆ ನಮಸ್ಕಾರ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಆರು ಕಿಲೊ ಅವರೆಕಾಯಿ ಬಂತು. ಸೊಗಡು ಚೆನ್ನಾಗಿದೆ, ಬೆಲೆಯೂ ಇಳಿದಿದೆ ಅಂತ ತಂದವನು ನಾನೇ. ಹಾಗಾಗಿ ಹಿತುಕುವ ಶಿಕ್ಷೆಯೂ ನನಗೇ ಆಯಿತು. ಹಿತಕಿದ ಬೇಳೆ ಸಾರು ಉಣ್ಣುವಾಗ ಮನೆಮಂದಿಯೆಲ್ಲ ಮುಂದೆ. ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಪುಳಕ್ಕನೆ ಬೇಳೆ ಹಾರಿಸುತ್ತ ಮೂರು ಸಂಜೆ ಕೂರುವುದಕ್ಕೆ ಮಾತ್ರ ಯಾರೂ ಇಲ್ಲ. ಕೈಗೆ ಬಿಡುವಿಲ್ಲ, ತಲೆಗೆ ಕೆಲಸವಿಲ್ಲ. ಆಡಿಯೊಬುಕ್ ಹುಟ್ಟಿದ್ದೇ ಇಂಥ ಹೊತ್ತಿಗಾಗಿ ಅಂತ ನನ್ನ ನಂಬಿಕೆ.

ನನ್ನ ಫೋನಿನಲ್ಲಿ ಒಂದು ಪುಸ್ತಕ ವರ್ಷಗಟ್ಟಲೆ ಮುಟ್ಟದೆ ಬಿದ್ದಿತ್ತು. ಇಂಗ್ಲೆಂಡಿನ ಟೆರಿ ಪ್ರಾಚೆಟ್ ಬರೆದ ಡಿಸ್ಕ್‌ವರ್ಲ್ಡ್ ಸರಣಿಯ ಕೊನೆಯದು, ‘ದಿ ಶೆಫರ್ಡ್ಸ್ ಕ್ರೌನ್’. ಸರಣಿ ಶುರುವಾದದ್ದು 1983ರಲ್ಲಿ, ಇದು 41ನೇ ಕಾದಂಬರಿ. ಪ್ರಾಚೆಟ್ 2015ರ ಮಾರ್ಚ್ 12ರಂದು ತೀರಿಕೊಂಡರು, ಪುಸ್ತಕ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಇದನ್ನು ಬೇಕೆಂದೇ ಓದದೆ ಇಟ್ಟುಕೊಂಡವರು ಲೋಕದ ತುಂಬ ಇದ್ದಾರೆ. ಓದುವವರೆಗೂ ಇನ್ನೊಂದು ಬಾಕಿ ಇದೆ ತಾನೆ? ಉಪ್ಪಿನಕಾಯಿ ಭರಣಿಯ ತಳದಲ್ಲಿ ಉಳಿಸಿಟ್ಟ ಕೊನೆಯ ಹೋಳಿನ ಹಾಗೆ.

ಈ ಸರಣಿಯ ಲೋಕ ತಟ್ಟೆಯಂತೆ ಚಪ್ಪಟೆ. ತಟ್ಟೆಯನ್ನು ಹೊತ್ತಿರುವುದು ನಾಲ್ಕು ಆನೆ, ಆನೆಗಳನ್ನು ಹೊತ್ತಿರುವುದು ಒಂದು ಆಮೆ. ನಮಗಿದು ಹೊಸತೇನಲ್ಲ. ಅಷ್ಟದಿಗ್ಗಜಗಳಲ್ಲಿ ನಾಲ್ಕಕ್ಕೆ ರಜೆ ಕೊಟ್ಟ ಹಾಗೆ, ಅಷ್ಟೆ. ಆದರೆ ಈ ಕಥೆಗಳಲ್ಲಿ ನನ್ನನ್ನು ಹಿಡಿದದ್ದು ಆ ಲೋಕದ ಮಹಾನಗರ, ಆಂಕ್-ಮೋರ್ಪೋರ್ಕ್. ಅಲ್ಲಿ ಕಳ್ಳರಿಗೂ ಸಂಘವಿದೆ. ಲೈಸೆನ್ಸ್ ಇರುವ ಕಳ್ಳ ನಿಮ್ಮನ್ನು ದೋಚಿದ ಮೇಲೆ ರಸೀದಿ ಕೊಟ್ಟು ಹೋಗುತ್ತಾನೆ. ನಗರದ ನದಿ ಎಷ್ಟು ಗಟ್ಟಿಯೆಂದರೆ, ಅದರ ಮೇಲೆ ಹೆಣ ಸಿಕ್ಕಿದರೆ ಪೊಲೀಸರು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಬಹುದು. ಕೆರೆಗೆ ಬೆಂಕಿ ಹತ್ತಿಕೊಂಡದ್ದನ್ನು ಕಣ್ಣಾರೆ ಕಂಡ ಬೆಂಗಳೂರಿಗ ನಾನು. ಆ ಸಾಲಿಗೆ ನಗುವಾಗ ಬೇರೆಯವರಿಗಿಂತ ಒಂದು ಗಳಿಗೆ ತಡವಾಗಿ ನಕ್ಕೆ.

ನಗರದ ಕಥೆಗಳ ಸಾಲು 2013ರಲ್ಲೇ ಮುಗಿದಿತ್ತು, ಆ ಲೋಕಕ್ಕೆ ರೈಲು ಬರುವ ಕಾದಂಬರಿಯೊಂದಿಗೆ. ಕೊನೆಯ ಪುಸ್ತಕ ನಗರ ಬಿಟ್ಟು ಕುರಿ ಮೇಯುವ ಸುಣ್ಣಕಲ್ಲಿನ ಗುಡ್ಡಗಳಿಗೆ ಹೋಗುತ್ತದೆ. ಅಲ್ಲಿ ಟಿಫನಿ ಏಕಿಂಗ್ ಎಂಬ ಹರೆಯದ ಮಾಟಗಾತಿ ಇದ್ದಾಳೆ. ಮಾಟಗಾತಿ ಅನ್ನುವಾಗ ನನಗೇ ಮುಜುಗರ. ನಿಂಬೆಹಣ್ಣು, ಮಸಣ, ಕೆದರಿದ ಕೂದಲೆಲ್ಲ ಆ ಪದದ ಬೆನ್ನಿಗಂಟಿ ಬರುತ್ತವೆ. ಇವರು ಮಾಡುವುದು ಹೆರಿಗೆ ಮಾಡಿಸುವ, ಹೆಣಕ್ಕೆ ಸ್ನಾನ ಮಾಡಿಸುವ, ಬಾಗಲಾಗದ ಮುದುಕರ ಕಾಲುಗುರು ಕತ್ತರಿಸುವ ಕೆಲಸ. ನಮ್ಮ ಸೂಲಗಿತ್ತಿಯರಿಗೆ ಚೂಪು ಟೊಪ್ಪಿ ಹಾಕಿದರೆ ಹೇಗೋ ಹಾಗೆ. ಆ ಎಲ್ಲರಿಗೂ ಹಿರಿಯಳು, ಯಾರೂ ಹಿರಿಯಳೆಂದು ಬಾಯಿಬಿಟ್ಟು ಹೇಳದ ಹಿರಿಯಳು, ಗ್ರ್ಯಾನಿ ವೆದರ್‌ವ್ಯಾಕ್ಸ್.

ಮೊದಲ ಸಂಜೆ. ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಗೆ ಒರಗಿಸಿ ನಿಲ್ಲಿಸಿದ್ದೆ. ಸಾಮಾನ್ಯವಾಗಿ ನಾನು ಆಡಿಯೊಬುಕ್‌ಗಳನ್ನು ಒಂದೂಕಾಲು ಪಟ್ಟು ವೇಗದಲ್ಲಿ ಕೇಳುವವನು. ಇದಕ್ಕೆ ಮಾತ್ರ ಒಂದಕ್ಕೇ ಇಳಿಸಿದೆ. ಪುಸ್ತಕ ಶುರುವಾಗಿ ಇನ್ನೂ ಪಾತ್ರೆಯ ತಳ ಮುಚ್ಚುವಷ್ಟು ಬೇಳೆಯೂ ಆಗಿರಲಿಲ್ಲ, ಅಜ್ಜಿಗೆ ತನ್ನ ಹೊತ್ತು ಬಂತೆಂದು ತಿಳಿದುಬಿಡುತ್ತದೆ. ಅಳು ಇಲ್ಲ, ಭಾಷಣ ಇಲ್ಲ. ಮನೆ ಗುಡಿಸುತ್ತಾಳೆ, ಕಕ್ಕಸು ತೊಳೆಯುತ್ತಾಳೆ, ತನ್ನನ್ನು ಮಲಗಿಸುವ ಬುಟ್ಟಿಯನ್ನು ತಾನೇ ಹೆಣೆಯುತ್ತಾಳೆ. ಹಿಂದಿನ ಪುಸ್ತಕಗಳಲ್ಲಿ ಈಕೆ ಪ್ರಾಣಿಗಳ ಮನಸ್ಸಿನೊಳಗೆ ಹೊಕ್ಕು ಅಲೆಯುವಾಗ ಮೈ ಕಟ್ಟಿಗೆಯಂತೆ ಬಿದ್ದಿರುತ್ತಿತ್ತು. ಯಾರಾದರೂ ಹೂಳಿಬಿಟ್ಟಾರು ಅಂತ ಎದೆಯ ಮೇಲೆ ಚೀಟಿ ಇಟ್ಟುಕೊಳ್ಳುತ್ತಿದ್ದಳು, ವ್ಯಾಕರಣ ತಪ್ಪಿದ ಚೀಟಿ: ನಾನು ಸತ್ತಿಲ್ಲ. ಈ ಸಲದ ಚೀಟಿಯಲ್ಲಿ ಬರೆದದ್ದು, ಬಹುಶಃ ಸತ್ತಿದ್ದೀನಿ.

ಕೇಳಬೇಡ, ನಿಲ್ಲಿಸು ಅಂತ ಮನಸ್ಸು ಹೇಳಿತು. ಅಚ್ಚಿನ ಪುಸ್ತಕವಾಗಿದ್ದರೆ ಮಡಿಸಿಟ್ಟು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ. ಇಲ್ಲಿ ಬೆರಳೆಲ್ಲ ಅವರೆಯ ಲೋಳೆ. ಪರದೆಯನ್ನು ಒತ್ತುತ್ತೇನೆ, ಫೋನಿಗೆ ನನ್ನ ಬೆರಳು ಬೆರಳೆಂದೇ ಅನ್ನಿಸುತ್ತಿಲ್ಲ. ಮೊಣಕೈಯಲ್ಲಿ ಒತ್ತಿದೆ, ಆಗಲಿಲ್ಲ. ಪಂಚೆಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಸಾವು ಬಂದು, ಮಾತಾಡಿ, ಅಜ್ಜಿಯನ್ನು ಕರೆದುಕೊಂಡು ಹೋಗಿಯಾಗಿತ್ತು.

ನಮ್ಮಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನ ಮುಖ ನೋಡಿ, “ಏನಾಯ್ತೋ?” ಅಂದರು. ಒಬ್ಬ ಅಜ್ಜಿ ಹೋದಳು, ಊರೂರಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದವಳು ಅಂದೆ. ಅಮ್ಮ ಒಂದು ಕ್ಷಣವೂ ತಡೆಯದೆ ಕೇಳಿದರು: “ಅಯ್ಯೋ, ಮತ್ತೆ ಇನ್ನು ಮೇಲೆ ಯಾರು ನೋಡ್ಕೋತಾರಂತೆ?” ಪುಸ್ತಕದ ಮುಂದಿನ ಕಥೆಯೆಲ್ಲ ಈ ಪ್ರಶ್ನೆಯದೇ. ಅಜ್ಜಿ ತನ್ನ ಮನೆಯನ್ನೂ ಹೊಣೆಯನ್ನೂ ಟಿಫನಿಗೆ ಬಿಟ್ಟು ಹೋಗಿದ್ದಾಳೆ. ಹುಡುಗಿ ಎರಡು ಸೀಮೆಗಳ ನಡುವೆ ಪೊರಕೆಯ ಮೇಲೆ ಹಾರಾಡಿ ಸುಸ್ತಾಗುತ್ತಾಳೆ. ಹಾಗೆ ಹಾರಾಡಿದ್ದರಲ್ಲಿ ಎಷ್ಟೋ ಬರೀ ಉಗುರು ಕತ್ತರಿಸುವುದಕ್ಕೆ.

ಈ ಪುಸ್ತಕವನ್ನು ಓದುವುದಕ್ಕಿಂತ ಕೇಳುವುದೇ ಸರಿ ಅಂತ ನನಗೆ ಅನ್ನಿಸಿದ್ದಕ್ಕೆ ಬೇರೆಯೇ ಕಾರಣವಿದೆ. ಪ್ರಾಚೆಟ್ ಅವರಿಗೆ ಅಲ್ಜೈಮರ್ ಕಾಯಿಲೆಯ ಒಂದು ಅಪರೂಪದ ಬಗೆ ತಗಲಿತ್ತು. 2007ರ ಡಿಸೆಂಬರ್‌ನಲ್ಲಿ ಅದನ್ನು ಅವರೇ ಹೊರಗೆ ಹೇಳಿದಾಗ ವಯಸ್ಸು 59. ಮಿದುಳಿನ ಹಿಂಭಾಗಕ್ಕೆ ಬರುವ ರೋಗ ಅದು. ಕಣ್ಣು ಸರಿಯಿರುತ್ತದೆ, ಕಂಡದ್ದು ಏನೆಂದು ಮಿದುಳಿಗೆ ಗೊತ್ತಾಗುವುದಿಲ್ಲ. ಕೀಲಿಮಣೆಯ ಮೇಲಿನ ಅಕ್ಷರ ಎದುರಿಗೇ ಇದ್ದರೂ ಸಿಗುವುದಿಲ್ಲ. 2010ರಲ್ಲಿ ಬಿಬಿಸಿಗಾಗಿ ಸಾವಿನ ಕುರಿತು ಒಂದು ಉಪನ್ಯಾಸ ಸಿದ್ಧಮಾಡಿ ಪೀಠಿಕೆಯನ್ನಷ್ಟೇ ತಾವು ಹೇಳಿದರು. ಉಳಿದದ್ದನ್ನು ಅವರ ಪರವಾಗಿ ಓದಿದವರು ನಟ ಟೋನಿ ರಾಬಿನ್ಸನ್. ಕೊನೆಯ ಪುಸ್ತಕಗಳನ್ನು ಪ್ರಾಚೆಟ್ ಬಾಯಲ್ಲಿ ಹೇಳಿಯೇ ಬರೆಸಿದ್ದು, ಕೆಲವು ಸಲ ಕಂಪ್ಯೂಟರಿಗೆ, ಕೆಲವು ಸಲ ಸಹಾಯಕ ರಾಬ್ ವಿಲ್ಕಿನ್ಸ್ ಅವರಿಗೆ. ಅಂದರೆ ಈ ಸಾಲುಗಳು ಕಾಗದಕ್ಕೆ ಇಳಿಯುವ ಮೊದಲೇ ಒಂದು ಕೋಣೆಯ ಗಾಳಿಯಲ್ಲಿ ಕೇಳಿಸಿದ್ದವು. ಇದು ತಿಳಿದ ಮೇಲೆ ನಮ್ಮ ಅಡುಗೆಮನೆಯ ಫೋನು ನನಗೆ ಬೇರೆ ಥರ ಕೇಳಿಸತೊಡಗಿತು.

ನಾನು ಕೇಳಿದ್ದು ಸ್ಟೀಫನ್ ಬ್ರಿಗ್ಸ್ ಓದಿದ್ದನ್ನು. ಸರಣಿಯ ಆರಂಭದ ಪುಸ್ತಕಗಳಲ್ಲಿ ಹೆಚ್ಚಿನವನ್ನು ನೈಜಲ್ ಪ್ಲೇನರ್ ಓದಿದ್ದರು. ಆಮೇಲಿನವು ಬ್ರಿಗ್ಸ್ ಅವರವು. ಇವರು ಅಬಿಂಗ್ಡನ್ ಊರಿನ ಹವ್ಯಾಸಿ ನಾಟಕದವರು. ಈ ಕಥೆಗಳನ್ನು ರಂಗಕ್ಕೆ ತಂದು, ಪುಸ್ತಕಗಳಲ್ಲಿ ಚೆದುರಿದ ಬೀದಿಯ ಹೆಸರುಗಳನ್ನೆಲ್ಲ ಆರಿಸಿ ಆ ಇಲ್ಲದ ಮಹಾನಗರಕ್ಕೆ 1993ರಲ್ಲಿ ನಕ್ಷೆಯನ್ನೇ ಮಾಡಿಕೊಟ್ಟವರು. ಊರಿನ ಓಣಿ ಓಣಿ ಗೊತ್ತಿರುವ ಮನುಷ್ಯ ಕಥೆ ಹೇಳುವ ಗತ್ತು ಅವರ ದನಿಯಲ್ಲಿದೆ. ಆರು ಅಂಗುಲ ಎತ್ತರದ, ಮೈಯೆಲ್ಲ ನೀಲಿಯ ಫೀಗಲ್ ಎಂಬ ಪುಟ್ಟ ಜನ ಸ್ಕಾಟ್ಲೆಂಡಿನ ಹಳ್ಳಿಭಾಷೆಯಲ್ಲಿ ಒಟ್ಟಿಗೆ ಕಿರುಚುವಾಗ ಮಾತ್ರ ನಾನು ಸೋತೆ. ಹದಿನೈದು ಸೆಕೆಂಡ್ ಹಿಂದಕ್ಕೆ, ಮತ್ತೆ ಹದಿನೈದು ಸೆಕೆಂಡ್ ಹಿಂದಕ್ಕೆ, ಅದೂ ಮೊಣಕೈಯಲ್ಲಿ. ಹಳೆಯ ಪುಸ್ತಕಗಳನ್ನು ಕಣ್ಣಲ್ಲಿ ಓದುವಾಗ ನನ್ನ ತಲೆಯೊಳಗೆ ಅವರೆಲ್ಲ ಹುಬ್ಬಳ್ಳಿ ಕನ್ನಡ ಆಡುತ್ತಿದ್ದರು. ಆ ಸುಖ ಕಿವಿಗೆ ಸಿಗಲಿಲ್ಲ.

ಇನ್ನೊಂದು ತೊಡಕು ಅಡಿಟಿಪ್ಪಣಿ. ಪ್ರಾಚೆಟ್ ಅವರ ನಗೆಯಲ್ಲಿ ಎಷ್ಟೋ ಪಾಲು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಬ್ರಿಗ್ಸ್ ಅದನ್ನೂ ತಾವೇ ಓದುತ್ತಾರೆ. 2022ರಿಂದ ಬರತೊಡಗಿದ ಹೊಸ ಧ್ವನಿಮುದ್ರಣಗಳಲ್ಲಿ ಅಡಿಟಿಪ್ಪಣಿಗೆಂದೇ ಬಿಲ್ ನೈ ಎಂಬ ನಟರಿದ್ದಾರೆ. ಇಂಗ್ಲಿಷ್‌ನವರು ಇದನ್ನು ದೊಡ್ಡ ಹೊಸತನ ಅಂತ ಹೊಗಳಿದಾಗ ನನಗೆ ನಗು ಬಂತು. ಗಮಕಿ ಕುಮಾರವ್ಯಾಸನ ಪದ್ಯ ವಾಚಿಸಿ ನಿಲ್ಲುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಗಂಟಲು ಸರಿಮಾಡಿಕೊಂಡು ಅರ್ಥದ ಜೊತೆ ಒಂದು ತಮಾಷೆಯನ್ನೂ ಸೇರಿಸುತ್ತಾರೆ. ನಮ್ಮ ದೇವಸ್ಥಾನದ ಜಗಲಿಗಳಲ್ಲಿ ಅಡಿಟಿಪ್ಪಣಿಗೆ ಬೇರೆ ದನಿ ಎಂದಿನಿಂದಲೂ ಇದೆ.

ಅದೇ ಹೊಸ ಮುದ್ರಣಗಳಲ್ಲಿ ಸಾವಿಗೂ ಬೇರೆ ದನಿ, ಪೀಟರ್ ಸೆರಾಫಿನೊವಿಚ್ ಅವರದು. ಡಿಸ್ಕ್‌ವರ್ಲ್ಡ್‌ನಲ್ಲಿ ಸಾವು ಒಂದು ಪಾತ್ರ. ಎಲುಬಿನ ಗೂಡು, ಕೈಯಲ್ಲಿ ಕುಡುಗೋಲು, ಹತ್ತಿ ಬರುವ ಬಿಳಿ ಕುದುರೆಯ ಹೆಸರು ಬಿಂಕಿ. ಬೆಕ್ಕೆಂದರೆ ಪ್ರಾಣ, ಊಟಕ್ಕೆ ಖಾರದ ಸಾರು ಇಷ್ಟ. ಅವನ ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಇಡೀ ಮಾತು ದೊಡ್ಡಕ್ಷರಗಳಲ್ಲಿ ಅಚ್ಚಾಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲ. ಯಾರಾದರೂ ಅನುವಾದಕ್ಕೆ ಕೂತರೆ ಏನು ಮಾಡಿಯಾರು ಅಂತ ಹಿಂದೆ ತಲೆಕೆಡಿಸಿಕೊಂಡಿದ್ದೆ. ಕಿವಿಗೆ ಆ ಕಷ್ಟವಿಲ್ಲ. ನಮ್ಮ ನಾಟಕದ ಯಮ ಗದೆ ತಿರುಗಿಸಿ ಅಬ್ಬರಿಸುತ್ತಾನೆ, ನಾನು ಕೇಳಿದ ಬ್ರಿಗ್ಸ್ ದನಿಯ ಈ ಯಮ ಬ್ಯಾಂಕಿನ ಹಳೆಯ ಗುಮಾಸ್ತರ ಹಾಗೆ ಮೆಲ್ಲಗೆ, ಬಿಡಿಬಿಡಿಯಾಗಿ ಮಾತಾಡುತ್ತಾನೆ. ಅಜ್ಜಿಯ ಹತ್ತಿರ ಮಾತಾಡುವಾಗಲಂತೂ ಅವನ ದನಿಯಲ್ಲಿ ಗೌರವವಿತ್ತು.

ಎರಡನೆಯ ಸಂಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಕ್ಷಲೋಕದವರು ದಂಡೆತ್ತಿ ಬರುತ್ತಾರೆ. ಅವರಿಗೆ ಕಬ್ಬಿಣ ಆಗದು, ಆ ಲೋಕಕ್ಕೆ ಈಗ ರೈಲು ಬಂದಿದೆ, ಹಳಿಗಳು ಊರೂರು ದಾಟಿವೆ. ಬಾಣಂತಿಯ ದಿಂಬಿನಡಿ ಕಬ್ಬಿಣ ಇಡುವುದು ಯಾಕೆಂದು ಗೊತ್ತಿರುವ ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಹೆಂಡತಿಯರ ಕಾಲಿಗೆ ತೊಡರುತ್ತ ಮನೆಯಲ್ಲೇ ಕೂತಿರುವ ಮುದುಕರಿಗೆ ಒಬ್ಬ ಹುಡುಗ ಊರ ಮಧ್ಯೆ ಶೆಡ್ಡು ಕಟ್ಟಿಸಿಕೊಡುವ ಭಾಗಕ್ಕೆ ಇಬ್ಬರೂ ನಕ್ಕೆವು. ಆದರೂ ಇದು ಪ್ರಾಚೆಟ್ ಅವರ ಒಳ್ಳೆಯ ಪುಸ್ತಕಗಳ ಸಾಲಿನದಲ್ಲ. ಯುದ್ಧ ಬೇಗ ಮುಗಿಯುತ್ತದೆ, ಕೆಲವರು ಬಂದ ಹಾಗೇ ಹೋಗುತ್ತಾರೆ. ಸಮಯ ಸಿಕ್ಕಿದ್ದರೆ ಇನ್ನಷ್ಟು ಬರೆಯುತ್ತಿದ್ದರೆಂದು ವಿಲ್ಕಿನ್ಸ್ ಹಿನ್ನುಡಿಯಲ್ಲಿ ಹೇಳಿದ್ದಾರೆ. ಕಣ್ಣಲ್ಲಿ ಓದುವಾಗ ಇಂಥ ತೆಳುವಾದ ಜಾಗಗಳನ್ನು ಹಾರಿ ದಾಟಬಹುದು, ಕಿವಿ ಅದಕ್ಕೆ ಬಿಡುವುದಿಲ್ಲ. ಎರಡು ದೃಶ್ಯಗಳ ನಡುವೆ ಬ್ರಿಗ್ಸ್ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು, ಇಲ್ಲೊಂದು ಅಧ್ಯಾಯ ಇರಬೇಕಾಗಿತ್ತಲ್ಲ ಅನ್ನಿಸುತ್ತಲೇ ಇತ್ತು.

ಮೂರನೆಯ ಸಂಜೆ ಪರದೆಯ ಮೇಲೆ ಹನ್ನೊಂದು ನಿಮಿಷ ಬಾಕಿ ಎಂದು ಕಂಡಿತು. ಕೈ ತೊಳೆದು, ಒರೆಸಿಕೊಂಡು, ಈ ಸಲ ನಿಲ್ಲಿಸಬೇಕೆಂದರೆ ನಿಲ್ಲಿಸುವ ಹಾಗೆ ಫೋನನ್ನು ಕೈಯಲ್ಲೇ ಹಿಡಿದು ಕೂತೆ. ನಿಲ್ಲಿಸಲಿಲ್ಲ. ಬ್ರಿಗ್ಸ್ ಓದಿ ಮುಗಿಸಿದರು. ಫ್ರಿಜ್ಜಿನ ಗುಂಯ್ ಸದ್ದು ಅಷ್ಟು ಹೊತ್ತು ಎಲ್ಲಿತ್ತೋ, ಆಗ ಕೇಳಿಸಿತು.

“ಮುಗೀತಾ?” ಅಂದರು ಅಮ್ಮ.

ಮುಗೀತು ಅಂದೆ.

“ಕಾಳು ಇನ್ನೂ ಇದೆಯಲ್ಲೋ.”

ಅರ್ಧ ಪಾತ್ರೆ ಉಳಿದಿತ್ತು. 1989ರ ಪುಸ್ತಕವೊಂದನ್ನು ಹುಡುಕಿ ಹಚ್ಚಿದೆ. ಆಂಕ್-ಮೋರ್ಪೋರ್ಕ್‌ನಲ್ಲಿ ಮಳೆ ಸುರಿಯುತ್ತಿತ್ತು, ಕಾವಲು ಪಡೆಯ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ಕುಡಿದು ಮೋರಿಯಲ್ಲಿ ಬಿದ್ದಿದ್ದ. ಕೈ ಮತ್ತೆ ಅವರೆಗೆ ಹಾಕಿದೆ. ನಮಸ್ಕಾರ.