ಐಸ್‌ಲ್ಯಾಂಡಿನ ಆ ಒಂದು ತಾಯಿಬಳ್ಳಿ

ಕೇಳುಗರಿಗೆಲ್ಲ ನಮಸ್ಕಾರ.

ಸುಮಾರು ಸಾವಿರ ವರ್ಷದ ಹಿಂದಿನ ಮಾತು. ಗ್ರೀನ್‌ಲ್ಯಾಂಡಿನಿಂದ ಹೊರಟಿದ್ದ ವೈಕಿಂಗರ, ಅಂದರೆ ಉತ್ತರ ಯೂರೋಪಿನ ಕಡಲಿಗರ, ಹಡಗು ಅಮೆರಿಕದ ಕರಾವಳಿಯಿಂದ ವಾಪಸ್ ಬರುತ್ತಿತ್ತು. ಕೊಲಂಬಸ್ ಹುಟ್ಟುವುದಕ್ಕೆ ಇನ್ನೂ ನಾನೂರು ವರ್ಷಕ್ಕಿಂತ ಜಾಸ್ತಿ ಇತ್ತು. ಹಡಗಿನ ಯಜಮಾನ ಕಾರ್ಲ್ಸೆಫ್ನಿ. ದಾರಿಯಲ್ಲಿ ಒಂದು ಕಾಡಿನ ನಾಡು. ಅದನ್ನು ಅವರು ಮಾರ್ಕ್‌ಲ್ಯಾಂಡ್ ಎನ್ನುತ್ತಿದ್ದರು. ಅಲ್ಲಿ ಐದು ಜನ ಸ್ಥಳೀಯರು ಕಣ್ಣಿಗೆ ಬಿದ್ದರು. ಗಡ್ಡ ಬಿಟ್ಟ ಗಂಡಸು ಒಬ್ಬ, ಹೆಂಗಸರು ಇಬ್ಬರು, ಹುಡುಗರು ಇಬ್ಬರು. ಹುಡುಗರು ಸಿಕ್ಕಿಬಿದ್ದರು. ಉಳಿದ ಮೂವರು ನೆಲದೊಳಕ್ಕೆ ಇಳಿದು ಮಾಯವಾದರಂತೆ. ಆ ಹುಡುಗರನ್ನು ಹಡಗಿಗೆ ಹತ್ತಿಸಿಕೊಂಡು ಹೋಗಿ, ತಮ್ಮ ಮಾತು ಕಲಿಸಿ, ಕ್ರೈಸ್ತರನ್ನಾಗಿ ಮಾಡಿದರು. ಹುಡುಗರು ತಮ್ಮ ತಾಯಿಯ ಹೆಸರು ವೇತಿಲ್ದಿ ಎಂದು ಹೇಳಿದರಂತೆ. ಕೆಂಪು ಎರಿಕನ ಸಾಗಾ ಎಂಬ ಹಳೆಯ ಐಸ್‌ಲ್ಯಾಂಡಿಕ್ ಕಥನದಲ್ಲಿ ಈ ಪ್ರಸಂಗ ಬರುತ್ತದೆ.

ಇದರಲ್ಲಿ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಹಡಗು ಹತ್ತಿದ್ದು ಹುಡುಗರು. ಹೆಂಗಸರು ತಪ್ಪಿಸಿಕೊಂಡರು. ಯಾಕೆ ಇದು ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಮೈಟೊಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಭಾಗಗಳಿವೆ. ತಿಂದ ಅನ್ನವನ್ನು ಶಕ್ತಿಯಾಗಿ ಮಾಡುವ ಒಲೆಗಳು ಅವು. ಅವುಗಳಿಗೆ ತಮ್ಮದೇ ಆದ ಚಿಕ್ಕ ಡಿಎನ್‌ಎ, ಅಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಬರಹ, ಇದೆ. ಬರೀ 16,569 ಅಕ್ಷರ ಉದ್ದ. ಇದು ಅಪ್ಪನಿಂದ ಬರುವುದಿಲ್ಲ. ಅಮ್ಮನಿಂದ ಮಗನಿಗೂ ಬರುತ್ತದೆ, ಮಗಳಿಗೂ ಬರುತ್ತದೆ. ಆದರೆ ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ತಾಯಿಯಿಂದ ಮಗಳಿಗೆ ಹೀಗೆ ಸಾಗುವ ಎಳೆಯನ್ನು ತಾಯಿಬಳ್ಳಿ ಎನ್ನೋಣ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಬಳಿ, ಅಂದರೆ ಕುಲದ ಗುರುತು, ನಡೆಯುವುದೂ ಹೀಗೇ ಅಲ್ವಾ? ಗಂಡುಮಗನಿಗೆ ತಾಯಿಯ ಬಳಿ, ಅವನ ಮಕ್ಕಳಿಗೆ ಅವನ ಹೆಂಡತಿಯ ಬಳಿ.

ಈ 16 ಸಾವಿರ ಚಿಲ್ಲರೆ ಅಕ್ಷರಗಳಲ್ಲಿ ಅಪರೂಪಕ್ಕೊಮ್ಮೆ ಒಂದು ಬದಲಾಗುತ್ತದೆ. ಬದಲಾದದ್ದು ಹಾಗೇ ಮಗಳಿಗೆ, ಮೊಮ್ಮಗಳಿಗೆ ಹೋಗುತ್ತದೆ. ತಾಳೆಗರಿ ಕಾವ್ಯಗಳ ಸಂಪಾದಕರು ಏನು ಮಾಡುತ್ತಾರೆ? ಒಂದೇ ಕಾವ್ಯದ ಹತ್ತು ಪ್ರತಿ ಮುಂದಿಟ್ಟುಕೊಂಡು, ಯಾವ ಯಾವ ಪ್ರತಿಯಲ್ಲಿ ಒಂದೇ ಕಡೆ ಒಂದೇ ತಪ್ಪು ಇದೆ ಎಂದು ನೋಡುತ್ತಾರೆ. ತಪ್ಪು ಕೂಡಿದರೆ ಮೂಲವೂ ಒಂದೇ. ತಾಯಿಬಳ್ಳಿ ಹುಡುಕುವವರ ಕೆಲಸವೂ ಅದೇ. ಹೀಗೆ ಸಿಕ್ಕ ದೊಡ್ಡ ಕವಲುಗಳಿಗೆ ಅವರು ಎ, ಬಿ, ಸಿ, ಎಚ್, ಯು ಎಂದು ಅಕ್ಷರದ ಹೆಸರು ಕೊಟ್ಟಿದ್ದಾರೆ.

ಈಗ ಐಸ್‌ಲ್ಯಾಂಡಿಗೆ ಬರೋಣ. ಉತ್ತರ ಅಟ್ಲಾಂಟಿಕ್‌ನ ನಡುವೆ, ಹಿಮವೂ ಬೆಂಕಿಯೂ ಕೂಡಿದ ದ್ವೀಪ. ಜನ ಅಲ್ಲಿ ನೆಲೆಯೂರಿದ್ದು ಸುಮಾರು 870ರಿಂದ 930ರ ನಡುವೆ. ಇವತ್ತಿಗೂ ನಾಲ್ಕು ಲಕ್ಷ ಜನ ಇಲ್ಲ. ಅವರ ತಂದೆಬಳ್ಳಿಗಳಲ್ಲಿ, ಅಂದರೆ ಅಪ್ಪನಿಂದ ಮಗನಿಗೆ ಸಾಗುವ ಎಳೆಗಳಲ್ಲಿ, ಮುಕ್ಕಾಲು ಪಾಲು ನಾರ್ವೆಯ ಕಡೆಯವು. ತಾಯಿಬಳ್ಳಿಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಸ್ಕಾಟ್ಲೆಂಡ್, ಐರ್ಲೆಂಡಿನವು. ಗಂಡಸರು ನಾರ್ವೆಯಿಂದ ಹೊರಟು, ಬರುವ ದಾರಿಯಲ್ಲಿ ಹೆಂಗಸರನ್ನು ಕರೆತಂದರು. ಎಷ್ಟೋ ಜನರನ್ನು ಗುಲಾಮರಾಗಿ ಎಳೆತಂದರು.

ಇಂಥ ಊರಿನಲ್ಲಿ, ಸಿಯ ಒಂದು ಕವಲಾದ ಸಿ1 ಎಂಬ ಬಳ್ಳಿ ಕಾಣಿಸಿಕೊಂಡಾಗ ಸಂಶೋಧಕರು ಬೆರಗಾದರು. ಯೂರೋಪಿನಲ್ಲಿ ಸಿ1 ಇಲ್ಲವೆನ್ನುವಷ್ಟು ಕಡಿಮೆ. ಅದು ಹೆಚ್ಚಾಗಿ ಅಮೆರಿಕದ ಮೂಲನಿವಾಸಿಗಳ ಬಳ್ಳಿ. ಆಗ ಗೊತ್ತಿದ್ದ ನಾಲ್ಕು ಕವಲುಗಳಲ್ಲಿ ಸಿ1ಬಿ, ಸಿ1ಸಿ, ಸಿ1ಡಿ ಅಮೆರಿಕದವು. ಸಿ1ಎ ಏಷ್ಯಾದ್ದು.

ಮೊದಲು ಅವರು ಅಂದುಕೊಂಡದ್ದು, ಇದು ಈಚೆಗೆ ಬಂದ ಯಾರದೋ ಇರಬೇಕು ಎಂದು. ಆದರೆ ಐಸ್‌ಲ್ಯಾಂಡಿನಲ್ಲಿ ಒಂದು ದೊಡ್ಡ ಅನುಕೂಲ ಇದೆ. 1703ರಲ್ಲೇ ಅಲ್ಲಿ ಇಡೀ ದೇಶದ ಜನಗಣತಿ ನಡೆದಿತ್ತು. ಒಬ್ಬೊಬ್ಬರ ಹೆಸರು ಬರೆದು ಎಣಿಸಿದ್ದು 50,358 ಜನ. ಆಮೇಲಿನ ಚರ್ಚಿನ ದಾಖಲೆಗಳೂ ಉಳಿದಿವೆ. 1996ರಲ್ಲಿ ಶುರುವಾದ ಡಿಕೋಡ್ ಎಂಬ ಸಂಸ್ಥೆ ಇವನ್ನೆಲ್ಲ ಸೇರಿಸಿ ದೇಶದ ವಂಶಾವಳಿಯನ್ನು ಕಂಪ್ಯೂಟರಿಗೆ ಹಾಕಿದೆ. ಇಷ್ಟಿದ್ದರೂ ತಾಯಿಬಳ್ಳಿ ಹುಡುಕುವುದು ಸುಲಭ ಅಲ್ಲ. ಅಲ್ಲಿ ಹೆಸರಿನ ಕೊನೆಗೆ ಬರುವುದು ಅಪ್ಪನ ಹೆಸರು. 1980ರಲ್ಲಿ ದೇಶದ ಅಧ್ಯಕ್ಷೆಯಾದ ವಿಗ್ದಿಸ್ ಫಿನ್‌ಬೊಗಾದೋತಿರ್ ಎಂದರೆ ಫಿನ್‌ಬೊಗಿಯ ಮಗಳು ವಿಗ್ದಿಸ್. ಒಂದೊಂದು ತಲೆಮಾರಿಗೂ ಹೆಸರು ಬೇರೆ. ತಾಯಿಯಿಂದ ತಾಯಿಗೆ ಒಂದೊಂದೇ ಮೆಟ್ಟಿಲು ಹತ್ತಬೇಕು, ಆಮೇಲೆ ಮಗಳಿಂದ ಮಗಳಿಗೆ ಕೆಳಗಿಳಿಯಬೇಕು.

ಅವರು ಹತ್ತಿದರು, ಇಳಿದರು. ಸಿಕ್ಕಿದ್ದು ನಾಲ್ಕು ತಾಯಿಬಳ್ಳಿ. ನಾಲ್ಕೂ 1700ರ ಆಸುಪಾಸಿಗೆ ಹೋಗಿ ನಿಂತವು. ನಾಲ್ಕೂ ದೇಶದ ದಕ್ಷಿಣಕ್ಕೆ, ವಾಟ್ನಾಯೋಕುಲ್ ಎಂಬ ಭಾರಿ ಹಿಮನದಿಯ ಕಡೆಗೆ ಸೇರಿದವು. ಈಗ ಬದುಕಿರುವ ಸುಮಾರು 80 ಜನರಲ್ಲಿ ಈ ಬಳ್ಳಿ ಇದೆ. ಅವರಲ್ಲಿ 11 ಜನರ ಅಕ್ಷರ ಅಷ್ಟನ್ನೂ ಓದಿ ನೋಡಿದರು. ಆಗ ಇನ್ನೊಂದು ಅಚ್ಚರಿ. ಅಮೆರಿಕದ ಮೂರು ಕವಲಿಗೂ ಇದು ಸೇರಲಿಲ್ಲ, ಏಷ್ಯಾದ ಕವಲಿಗೂ ಸೇರಲಿಲ್ಲ. ಹಾಗಾಗಿ ಹೊಸ ಹೆಸರೇ ಇಡಬೇಕಾಯಿತು. ಸಿ1ಇ.

2010ರ ಕೊನೆಯಲ್ಲಿ ಈ ಸುದ್ದಿ ಹೊರಬಿದ್ದಾಗ ಜಗತ್ತಿನ ಪತ್ರಿಕೆಗಳು ಕುಣಿದಾಡಿದವು. ವೈಕಿಂಗರು ಅಮೆರಿಕದಿಂದ ಒಬ್ಬ ಹೆಣ್ಣನ್ನು ಕರೆತಂದಿದ್ದರು ಎಂದು ಬರೆದವು. ಸಂಶೋಧಕರು ಹಾಗೆ ಹೇಳಿರಲಿಲ್ಲ. ಪ್ರಬಂಧದ ಶೀರ್ಷಿಕೆಗೇ ಪ್ರಶ್ನೆಚಿಹ್ನೆ ಹಾಕಿದ್ದರು. ಅಮೆರಿಕದ ಮೂಲವೇ ಹೆಚ್ಚು ಸಂಭವ, ಆದರೆ ಏಷ್ಯಾ ಅಥವಾ ಯೂರೋಪನ್ನು ತಳ್ಳಿಹಾಕಲು ಬರುವುದಿಲ್ಲ ಎಂದಿದ್ದರು.

ವೈಕಿಂಗರು ಅಮೆರಿಕಕ್ಕೆ ಹೋಗಿದ್ದು ಕಟ್ಟುಕತೆ ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ ಅವರ ಮನೆಗಳ ಕುರುಹು 1960ರಲ್ಲಿ ಸಿಕ್ಕಿತು. ಅಲ್ಲಿ ಕಬ್ಬಿಣದ ಅಲಗಿನಿಂದ ಕಡಿದ ಮರದ ತುಂಡುಗಳಿದ್ದವು. ಅವು ಕಡಿದ ವರ್ಷ 1021 ಎಂದು 2021ರಲ್ಲಿ ಖಚಿತವಾಯಿತು. ಹೋದದ್ದು ನಿಜ. ಆದರೆ ಹೆಣ್ಣನ್ನು ಕರೆತಂದರೇ? ಈಗ ಆ ಮಾರ್ಕ್‌ಲ್ಯಾಂಡಿನ ಕತೆ ನೆನಪಿಸಿಕೊಳ್ಳಿ. ಸಾಗಾ ಹೇಳುವುದು ಹುಡುಗರ ಮಾತು. ಆ ಹುಡುಗರು ಐಸ್‌ಲ್ಯಾಂಡಿಗೆ ಬಂದು, ಮದುವೆಯಾಗಿ, ನೂರು ಮೊಮ್ಮಕ್ಕಳನ್ನು ಕಂಡಿದ್ದರೂ ವೇತಿಲ್ದಿಯ ತಾಯಿಬಳ್ಳಿ ಅವರ ಜೊತೆಗೇ ಮುಗಿಯುತ್ತಿತ್ತು. ಇನ್ನೊಂದು ಮಾತು. ಕಾರ್ಲ್ಸೆಫ್ನಿ ಕೊನೆಗೆ ಮನೆ ಮಾಡಿದ್ದು ಐಸ್‌ಲ್ಯಾಂಡಿನ ಉತ್ತರದಲ್ಲಿ. ಸಿ1ಇ ಸಿಕ್ಕಿದ್ದು ದಕ್ಷಿಣದಲ್ಲಿ. ಇದೇನೂ ಗಟ್ಟಿ ಪುರಾವೆ ಅಲ್ಲ, ಆದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

2014ರಲ್ಲಿ ಬೇರೊಂದು ದಿಕ್ಕಿನಿಂದ ಸುಳಿವು ಬಂತು. ರಷ್ಯಾದ ಕರೇಲಿಯಾ ಸೀಮೆಯಲ್ಲಿ ಒನೇಗಾ ಎಂಬ ದೊಡ್ಡ ಸರೋವರ ಇದೆ. ಅದರೊಳಗೆ ಒಂದು ಪುಟ್ಟ ನಡುಗಡ್ಡೆ. ಯೂಜ್ನಿ ಒಲೇನಿ ಒಸ್ತ್ರೊವ್, ಅಂದರೆ ದಕ್ಷಿಣದ ಜಿಂಕೆ ದ್ವೀಪ. 1936ರಿಂದ 38ರವರೆಗೆ ಅಲ್ಲಿ ಅಗೆದಾಗ 177 ಜನರ ಸಮಾಧಿ ಸಿಕ್ಕಿತು. ಬೇಸಾಯ ಅರಿಯದ, ಬೇಟೆಯಾಡಿ ಮೀನು ಹಿಡಿದು ಬದುಕಿದ ಜನ. ಸುಮಾರು 8 ಸಾವಿರ ವರ್ಷದ ಹಿಂದಿನವರು.

ಅವರನ್ನು ಹೂಳುವಾಗ ಮೇಲೆ ಕಾವಿಮಣ್ಣು ಉದುರಿಸಿದ್ದರು. ಬಟ್ಟೆಗೆ ಎಲ್ಕ್ ಎಂಬ ಪ್ರಾಣಿಯ ಹಲ್ಲು ಕಟ್ಟಿದ್ದರು. ಎಲ್ಕ್ ಎಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಜಿಂಕೆ. ಎದೆ, ಸೊಂಟ, ತೊಡೆಯ ಹತ್ತಿರ ಸಾಲುಸಾಲಾಗಿ ಆ ಹಲ್ಲುಗಳು. ದ್ವೀಪದಲ್ಲಿ ಸಿಕ್ಕ ಒಟ್ಟು ಹಲ್ಲು ಸಾವಿರಾರು. ಫಿನ್‌ಲೆಂಡಿನ ಸಂಶೋಧಕಿಯೊಬ್ಬರು ಅಂಥದೇ ಹಲ್ಲಿನ ಮಾಲೆ ಮಾಡಿ, ಮೈಗೆ ಕಟ್ಟಿಕೊಂಡು, ಆರು ಗಂಟೆ ಎಡೆಬಿಡದೆ ಕುಣಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲ್ಲಿಗೆ ಹಲ್ಲು ತಾಗಿ ಚಿಕ್ಕ ಚಿಕ್ಕ ಗುಳಿ ಬಿದ್ದಿದ್ದವು. ಸಮಾಧಿಯ ಹಲ್ಲುಗಳಲ್ಲೂ ಅಂಥವೇ ಗುಳಿ, ಇನ್ನೂ ಆಳವಾಗಿ. ಅಂದರೆ ಅವು ಗೆಜ್ಜೆ! ಹೆಜ್ಜೆ ಹಾಕಿದಂತೆ ಝಲ್ ಝಲ್ ಎನ್ನುತ್ತಿದ್ದ ಗೆಜ್ಜೆ. ಇದನ್ನು ಓದಿದ ದಿನ ನನಗೆ ಆ ಜನ ಬಹಳ ಹತ್ತಿರದವರಾದರು.

ಆ ಸಮಾಧಿಗಳ ಮೂವರಲ್ಲಿ ಸಿ1 ಸಿಕ್ಕಿತು. ಯೂರೋಪಿನ ನೆಲದಲ್ಲಿ, ವೈಕಿಂಗರಿಗಿಂತ 7 ಸಾವಿರ ವರ್ಷ ಮೊದಲು! ಅದೂ ಹೊಸ ಕವಲೇ. ಸಿ1ಎಫ್ ಎಂದು ಸದ್ಯಕ್ಕೆ ಹೆಸರಿಟ್ಟರು. ಈಗಿನ ಜನರಲ್ಲಿ ಅದಕ್ಕೆ ಹತ್ತಿರದ್ದು ಒಂದೂ ಕಾಣಲಿಲ್ಲ. ಇಲ್ಲಿ ಆತುರ ಬೇಡ. ಐಸ್‌ಲ್ಯಾಂಡಿನ ಸಿ1ಇ ಈ ಸಿ1ಎಫ್‌ನ ಮಗಳಲ್ಲ. ಎರಡೂ ಒಂದೇ ಬುಡದಿಂದ ಬೇರೆ ಬೇರೆಯಾಗಿ ಹೊರಟ ಕವಲು. ಆದರೂ ಒಂದು ಸಂಗತಿ ಸಾಬೀತಾಯಿತು. ಆ ಬುಡದ ಕವಲೊಂದು ಉತ್ತರ ಯೂರೋಪಿಗೆ ತಾನಾಗಿ ಬಂದಿತ್ತು. ಅಟ್ಲಾಂಟಿಕ್ ದಾಟುವ ಅಗತ್ಯ ಬಿದ್ದಿರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಅಪರೂಪದ್ದು ಕಂಡ ಕೂಡಲೇ ಹೊರಗಿನಿಂದ ಬಂದದ್ದು ಎಂದುಕೊಳ್ಳುತ್ತೇವೆ. ಒಂದು ಕಾಲಕ್ಕೆ ಅಲ್ಲೇ ಸಾಕಷ್ಟಿದ್ದು, ಎಲ್ಲ ಕಡೆ ಅಳಿದು, ಒಂದು ಮೂಲೆಯಲ್ಲಿ ಉಳಿದದ್ದೂ ಅಪರೂಪವೇ ಆಗುತ್ತದೆ. ತಾಯಿಬಳ್ಳಿ ಕಡಿದುಹೋಗಲು ಯುದ್ಧವೇ ಬೇಕಾಗಿಲ್ಲ. ಒಬ್ಬಳಿಗೆ ಐದೂ ಗಂಡುಮಕ್ಕಳೇ ಆದರೆ ಸಾಕು.

ಐಸ್‌ಲ್ಯಾಂಡಿನಲ್ಲಂತೂ ಕಡಿಯುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. 1402ರಲ್ಲಿ ಪ್ಲೇಗು. 1707ರಲ್ಲಿ ಸಿಡುಬು ಬಂದು ನಾಲ್ಕರಲ್ಲಿ ಒಬ್ಬರನ್ನು ಒಯ್ದಿತು. 1783ರಲ್ಲಿ ವಾಟ್ನಾಯೋಕುಲ್ ಪಕ್ಕದಲ್ಲೇ ಲಾಕಿ ಎಂಬಲ್ಲಿ ನೆಲ ಸೀಳಿ ಎಂಟು ತಿಂಗಳು ಲಾವಾ ಹರಿಯಿತು. ಹುಲ್ಲಿಗೆ ವಿಷ ಸೇರಿತು. ಕುರಿಗಳು ಮಂದೆಮಂದೆಯಾಗಿ ಸತ್ತವು. ಹಸಿವಿನಿಂದ ಐದರಲ್ಲಿ ಒಬ್ಬರು ಹೋದರು. ಸಿ1ಇ ಹೆಂಗಸರು ಇದ್ದದ್ದೂ ಅದೇ ದಿಕ್ಕಿನಲ್ಲಿ. ಐಸ್‌ಲ್ಯಾಂಡಿನ ಹಳೆಯ ಅಸ್ಥಿಪಂಜರಗಳ ತಾಯಿಬಳ್ಳಿಯನ್ನು 2009ರಲ್ಲಿ ಪರೀಕ್ಷಿಸಿದಾಗ, ಮೊದಲು ನೆಲೆಸಿದವರು ಈಗಿನ ಐಸ್‌ಲ್ಯಾಂಡಿನವರಿಗಿಂತ ಈಗಿನ ಸ್ಕಾಟ್ಲೆಂಡ್, ಐರ್ಲೆಂಡ್, ಸ್ಕ್ಯಾಂಡಿನೇವಿಯಾದವರನ್ನೇ ಹೆಚ್ಚು ಹೋಲುತ್ತಿದ್ದರು. ಸಾವಿರ ವರ್ಷದಲ್ಲಿ ಅಷ್ಟೊಂದು ಬಳ್ಳಿ ಅಳಿದಿವೆ. ಅಂಥದ್ದರಲ್ಲಿ ಇದೊಂದು, ತಾಯಿಯಿಂದ ಮಗಳಿಗೆ, ಹೇಗೋ ದಾಟಿ ಬಂತು.

ನಮಗೂ ಇದಕ್ಕೂ ಒಂದು ನಂಟಿದೆ. ಸಿ ಎಂಬುದು ಎಂ ಎಂಬ ಇನ್ನೂ ಹಳೆಯ ಬಳ್ಳಿಯ ಕವಲು. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿಬಳ್ಳಿ ಈ ಎಂ. ಯೂರೋಪಿನಲ್ಲಿ ಎಲ್ಲೆಲ್ಲೂ ಕಾಣುವ ಎಚ್ ಬೇರೆ ಬುಡದ್ದು. ಅಂದಮೇಲೆ ಸಿ1ಇ ಇರುವ ಐಸ್‌ಲ್ಯಾಂಡಿನ ಹೆಂಗಸು, ತಾಯಿಯ ಕಡೆಯಿಂದ ನೋಡಿದರೆ, ತನ್ನ ಪಕ್ಕದ ಮನೆಯ ಎಚ್ ಹೆಂಗಸಿಗಿಂತ ಈಗ ಈ ರೇಡಿಯೋ ಕೇಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಹತ್ತಿರದವಳು. 50 ಸಾವಿರ ವರ್ಷಕ್ಕೂ ಹಿಂದಿನ ನಂಟು, ಆದರೂ ನಂಟೇ.

ಸಿ1ಇ ಐಸ್‌ಲ್ಯಾಂಡಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಗೆಹರಿಯಲು ಬೇಕಾದದ್ದು ಒಂದು ಮೂಳೆ. ವೈಕಿಂಗರು ಅಮೆರಿಕ ಮುಟ್ಟುವ ಮೊದಲೇ ಹೂಳಿದ ಯೂರೋಪಿನ ಯಾವುದಾದರೂ ಹೆಣ್ಣಿನಲ್ಲಿ ಸಿ1ಇ ಸಿಕ್ಕರೆ, ವೈಕಿಂಗ್ ಹಡಗಿನ ಕತೆ ಅಲ್ಲಿಗೆ ನಿಂತಿತು. ಕೆನಡಾದ ಕರಾವಳಿಯ ಲ್ಯಾಬ್ರಡಾರ್ ಅಥವಾ ನ್ಯೂಫೌಂಡ್‌ಲ್ಯಾಂಡಿನ ಹಳೆಯ ಸಮಾಧಿಯಲ್ಲಿ ಸಿಕ್ಕರೆ, ಸಾಗಾ ಬರೆಯದೆ ಬಿಟ್ಟ ಒಬ್ಬ ಹೆಣ್ಣು ನಮಗೆ ಸಿಕ್ಕಂತೆ. ಆ ಮೂಳೆಗಾಗಿ ನಾನಂತೂ ಕಾಯುತ್ತಿದ್ದೇನೆ.

ನಮಸ್ಕಾರ.