ಕಾಯ್ದೆ ಕಾಯುವುದು ಹೆಸರನ್ನು ಮಾತ್ರ

ಎಲ್ಲರಿಗೂ ನಮಸ್ಕಾರ. ಆರ್ಕಿಟೆಕ್ಚರ್ ಮೊದಲ ವರ್ಷದ ಮಕ್ಕಳು ಮುಂದೆ ಕೂತಿದ್ದೀರಿ, ಅಪ್ಪ ಅಮ್ಮಂದಿರು ಹಿಂದೆ. ನಾಟಾ ಪ್ರವೇಶ ಪರೀಕ್ಷೆ ಬರೆದು, ಸೀಟು ಹಂಚುವ ಕೆಇಎ ಕೌನ್ಸೆಲಿಂಗ್ ಮುಗಿಸಿ ಸುಸ್ತಾಗಿ ಬಂದಿದ್ದೀರಿ. ಹತ್ತು ಸೆಮಿಸ್ಟರ್‌ಗಳಲ್ಲಿ ಏನೇನಿದೆ ಅಂತ ಸಿಲಬಸ್ ಹೇಳುತ್ತದೆ, ಅದನ್ನು ನಾನು ಓದಿ ಹೇಳುವುದಿಲ್ಲ.

ನೇರ ವಿಷಯಕ್ಕೆ ಬರುತ್ತೇನೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ‘ಆರ್ಕಿಟೆಕ್ಟ್’ ಅಂತ ಬೋರ್ಡ್ ಹಾಕುವಂತಿಲ್ಲ. ಆದರೆ ಆ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಮನೆ ಪ್ಲಾನನ್ನು ನಿಮ್ಮ ಬೀದಿಯ ಕಂಟ್ರಾಕ್ಟರೂ ಹಾಕಿಕೊಡುತ್ತಾರೆ, ದುಡ್ಡೂ ಜಾಸ್ತಿ ಕೇಳುವುದಿಲ್ಲ. ಹಾಗಿದ್ದಾಗ ಜನ ನಿಮ್ಮ ಹತ್ತಿರ ಯಾಕೆ ಬರಬೇಕು? ನನ್ನ ಉತ್ತರ ಒಂದೇ: ಬೇರೆಯವರು ಅಂದಾಜು ಮಾಡುವುದನ್ನು ನೀವು ಅಳೆದು ನೋಡಿರಬೇಕು.

ಮೈಸೂರು ಕಡೆಯ ಒಂದು ತೊಟ್ಟಿ ಮನೆಗೆ, ಅಂದರೆ ನಡುವೆ ತೆರೆದ ಅಂಗಳ ಇರುವ ಹಳೇ ಮನೆಗೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ, ಮೆಷರ್ಡ್ ಡ್ರಾಯಿಂಗ್‌ಗೆ, ಅಂದರೆ ಇರುವ ಕಟ್ಟಡವನ್ನು ಅಳೆದು ನಕ್ಷೆ ಬರೆಯುವುದಕ್ಕೆ. ಟೇಪ್ ಹಿಡಿದು ಕಂಬ ಕಂಬದ ನಡುವಿನ ಅಂತರ, ಜಗಲಿಯ ಎತ್ತರ ಎಲ್ಲ ಬರೆದುಕೊಂಡರು. ಸೆಕ್ಷನ್‌ನಲ್ಲಿ, ಅಂದರೆ ಮನೆಯನ್ನು ಉದ್ದಕ್ಕೆ ಸೀಳಿ ನೋಡಿದಂತೆ ಬರೆಯುವ ಚಿತ್ರದಲ್ಲಿ, ಪಡಸಾಲೆಯ ನೆಲಕ್ಕೆ ಸ್ಕೇಲ್ ಇಟ್ಟು ನೆಟ್ಟಗೆ ಒಂದು ಗೆರೆ ಎಳೆದರು. ಅಷ್ಟರಲ್ಲಿ ಮನೆಯವರು ನೆಲ ತೊಳೆಯಲು ಒಂದು ಬಕೆಟ್ ನೀರು ಸುರಿದರು. ಪೊರಕೆ ಮುಟ್ಟಿಸುವ ಮೊದಲೇ ನೀರು ತೊಟ್ಟಿಯ ಕಡೆ ಓಡಿತು! ಮಕ್ಕಳು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಲೆವೆಲ್ ಪೈಪ್ ತರಿಸಿದೆವು. ಗೊತ್ತಲ್ಲ, ನೀರು ತುಂಬಿದ ಪಾರದರ್ಶಕ ಪೈಪು. ಒಂದು ತುದಿ ಗೋಡೆಯ ಬುಡದಲ್ಲಿ, ಇನ್ನೊಂದು ತೊಟ್ಟಿಯ ಅಂಚಿನಲ್ಲಿ. ನೆಲ ಸುಮಾರು ಒಂದಿಂಚು ಇಳಿದಿತ್ತು. ಕಣ್ಣಿಗೆ ಕಾಣದ, ಕಾಲಿಗೂ ತಿಳಿಯದ ಒಂದಿಂಚು. ಇವತ್ತಿನ ಎಷ್ಟೋ ಹೊಸ ಫ್ಲ್ಯಾಟ್‌ಗಳ ಬಾತ್‌ರೂಮಿನಲ್ಲಿ ನೀರು ಮೂಲೆಯಲ್ಲೇ ನಿಲ್ಲುತ್ತದೆ, ಅಲ್ವಾ? ಆ ಇಳಿಜಾರು ತಪ್ಪಿದ್ದಕ್ಕೇ.

ಅದಕ್ಕೇ ಹೇಳುವುದು, ಅಳೆಯಿರಿ. ನಿಮ್ಮ ಮನೆಯ ಮೆಟ್ಟಿಲು ಅಳೆಯಿರಿ. ಅಜ್ಜಿಗೆ ಹತ್ತಲು ಕಷ್ಟವಾಗುವ ಮೆಟ್ಟಿಲು ಎಷ್ಟು ಇಂಚು ಎತ್ತರ, ಕಷ್ಟವಾಗದ್ದು ಎಷ್ಟು, ಬರೆದಿಡಿ. ಬೆಂಗಳೂರಿನ ಐಐಎಂ ಒಳಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. 2018ರಲ್ಲಿ ಆರ್ಕಿಟೆಕ್ಟ್‌ಗಳ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಪಡೆದ ಬಿ.ವಿ. ದೋಷಿ ಅವರ ವಿನ್ಯಾಸ. ಒರಟು ಗ್ರಾನೈಟ್ ಗೋಡೆ, ಉದ್ದುದ್ದ ಕಾರಿಡಾರ್, ಮೇಲಿನ ತೆರೆದ ತೊಲೆಗಳ ನಡುವೆ ಇಳಿಯುವ ಬಿಸಿಲು. ಫೋಟೋ ಎಲ್ಲರೂ ತೆಗೆಯುತ್ತಾರೆ. ನೀವು ಕಾರಿಡಾರ್ ಎಷ್ಟು ಅಗಲ, ಎಷ್ಟು ಎತ್ತರ, ನೆರಳು ಮಧ್ಯಾಹ್ನ ಎಲ್ಲಿ ಬೀಳುತ್ತದೆ ನೋಡಿ ಬನ್ನಿ.

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಇಂಟರ್ನ್‌ಶಿಪ್ ಬಗ್ಗೆ ತುಂಬಾ ಹೇಳಬೇಕಿತ್ತು, ಒಂದೇ ಮಾತು: ದೊಡ್ಡ ಹೆಸರಿನ ಆಫೀಸಲ್ಲಿ ಆರು ತಿಂಗಳು ಬರೀ ತ್ರೀಡಿ ವ್ಯೂ ಮಾಡುವುದಕ್ಕಿಂತ ನಿಮ್ಮನ್ನು ಸೈಟಿಗೆ ಕಳಿಸುವ ಸಣ್ಣ ಆಫೀಸು ಮೇಲು. ಕಂಬಿ ಬಗ್ಗಿಸುವ ಬಾರ್ ಬೆಂಡರ್, ಗಾರೆ ಮೇಸ್ತ್ರಿ ಜೊತೆ ಮಾತಾಡುವುದನ್ನು ಅಲ್ಲೇ ಕಲಿಯುತ್ತೀರಿ. ಪೋಷಕರು ಸಂಬಳದ ಬಗ್ಗೆ ಚೀಟಿ ಕಳಿಸಿದ್ದೀರಿ. ಶುರುವಿನಲ್ಲಿ ಕಡಿಮೆ, ಸಾಫ್ಟ್‌ವೇರ್‌ಗೆ ಹೋಲಿಸಿದರೆ ಬೇಜಾರಾಗುತ್ತದೆ, ಮುಚ್ಚಿಡುವುದಿಲ್ಲ. ಉಳಿದದ್ದನ್ನು ಊಟದ ಹೊತ್ತಿಗೆ ಕೇಳಿ, ನಾನು ಇಲ್ಲೇ ಇರುತ್ತೇನೆ.